ಚೈನ್‌ಸಾ ಸೈಲೆನ್ಸರಿನ ಬಾಯಿ ಎಷ್ಟು ಅಗಲವಿರಬೇಕು: ಒಂದೇ ಎಂಜಿನ್ನಿನ ಮೇಲೆ ನಡೆಸಿದ ಹೋಲಿಕೆ

ಚೈನ್‌ಸಾ ಬಳಸುವವರ ನಡುವೆ ಸೈಲೆನ್ಸರಿನ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಒಂದೇ: ಬಾಯಿ ದೊಡ್ಡದು ಮಾಡಿ, ಶಕ್ತಿ ತಾನಾಗಿ ಬರುತ್ತದೆ. ಎಷ್ಟು ದೊಡ್ಡದು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಅದರ ಜೊತೆಗೆ ಇನ್ನೇನು ಬದಲಿಸಬೇಕು ಎಂಬ ಪ್ರಶ್ನೆಗಳಿಗೆ ಮಾತ್ರ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ನನ್ನಲ್ಲಿರುವ 60 ಸಿಸಿ ಯಂತ್ರದ ಸೈಲೆನ್ಸರ್ ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುವುದರಿಂದ, ಅದೇ ಮಾದರಿಯ ಇನ್ನೂ ಮೂರು ಸೈಲೆನ್ಸರುಗಳನ್ನು ಹೊಂದಿಸಿಕೊಂಡು, ಒಂದೊಂದನ್ನು ಒಂದೊಂದು ರೀತಿಯಲ್ಲಿ ತಿದ್ದಿ, ಒಂದೇ ಎಂಜಿನ್ನಿಗೆ ಸರದಿಯಂತೆ ಕೂರಿಸಿ ನೋಡಿದೆ. ಮೊದಲನೆಯದು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಉಳಿಯಿತು, ಎರಡನೆಯದರ ಬಾಯಿಯನ್ನು ಅಗಲಿಸಿದೆ, ಮೂರನೆಯದಕ್ಕೆ ಅಗಲಿಸಿದ ಬಾಯಿಯ ಜೊತೆಗೆ ಇನ್ನೊಂದು ಬಾಯಿ ಸೇರಿಸಿದೆ, ನಾಲ್ಕನೆಯದರ ಒಳಗಿನ ತಡೆ ತಗಡನ್ನೂ ಕತ್ತರಿಸಿ ತೆಗೆದೆ.

ಬಾಯಿ ಕಿರಿದಾಗಿರುವುದು ತಯಾರಕರ ಅಜ್ಞಾನದಿಂದಲ್ಲ. ಸದ್ದನ್ನು ತಗ್ಗಿಸುವುದು, ಬೆಂಕಿಯ ಕಿಡಿಯನ್ನು ತಡೆಯುವುದು, ಹೊಗೆಯ ಜೊತೆ ಉರಿಯದೆ ಹೊರಹೋಗುವ ಪೆಟ್ರೋಲಿನ ಪ್ರಮಾಣವನ್ನು ಕಡಿಮೆ ಮಾಡುವುದು, ಈ ಮೂರೂ ಅದರ ಕೆಲಸ. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯನ್ನು ಹೊರದೂಡಲು ಪ್ರತ್ಯೇಕವಾದ ಸ್ಟ್ರೋಕ್ ಇಲ್ಲ. ಪಿಸ್ಟನ್ ಕೆಳಗಿಳಿದಾಗ ಹೊಗೆಕಿಂಡಿ ತೆರೆದುಕೊಂಡು ಉರಿದ ಅನಿಲ ತನ್ನ ಒತ್ತಡದಿಂದಲೇ ಹೊರನುಗ್ಗುತ್ತದೆ, ಉಳಿದದ್ದನ್ನು ಹಿಂದಿನಿಂದ ಬರುವ ಹೊಸ ಮಿಶ್ರಣ ತಳ್ಳುತ್ತದೆ. ಹೊರದಾರಿ ಕಿರಿದಾದಾಗ ಸೈಲೆನ್ಸರಿನ ಒಳಗೆ ಒತ್ತಡ ನಿಂತು, ಉರಿದ ಅನಿಲದ ಒಂದು ಪಾಲು ಸಿಲಿಂಡರಿನಲ್ಲೇ ಉಳಿಯುತ್ತದೆ, ಅಷ್ಟರಮಟ್ಟಿಗೆ ಹೊಸ ಮಿಶ್ರಣಕ್ಕೆ ಜಾಗ ಕಡಿಮೆಯಾಗುತ್ತದೆ. ಬಾಯಿ ತೆರೆದಾಗ ಸಿಗುವ ಶಕ್ತಿಯೆಂದರೆ ಹೀಗೆ ಬಿಡುಗಡೆಯಾದ ಜಾಗವೇ ಹೊರತು ಬೇರೇನೂ ಅಲ್ಲ. ಹೀಗಾಗಿ ಅದಕ್ಕೊಂದು ಮಿತಿಯಿದೆ.

ಆ ಮಿತಿಯನ್ನು ಅಂದಾಜು ಮಾಡಲು ಮೊದಲು ಹೊಗೆಕಿಂಡಿಯನ್ನೇ ಅಳೆಯಬೇಕು. ನನ್ನ ಎಂಜಿನ್ನಿನಲ್ಲಿ ಅದು 26 ಮಿ.ಮೀ. ಅಗಲ, 15 ಮಿ.ಮೀ. ಎತ್ತರ, ಅಂದರೆ ಸರಿಸುಮಾರು 390 ಚದರ ಮಿ.ಮೀ. ಮೂಲ ಸೈಲೆನ್ಸರಿನ ಬಾಯಿ 12 ಮಿ.ಮೀ. ವ್ಯಾಸದ ಒಂದು ತೂತು, ಅದರ ವಿಸ್ತೀರ್ಣ 113 ಚದರ ಮಿ.ಮೀ. ಮಾತ್ರ. ಅದನ್ನು 16 ಮಿ.ಮೀ.ಗೆ ಹಿಗ್ಗಿಸಿದರೆ 201 ಚದರ ಮಿ.ಮೀ. ಆಗುತ್ತದೆ. ವ್ಯಾಸ ಹೆಚ್ಚಿದ್ದು ನಾಲ್ಕೇ ಮಿಲಿಮೀಟರ್, ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕಣ್ಣಳತೆಯಲ್ಲಿ ಡ್ರಿಲ್ ಹಿಡಿಯುವವರು ಎಡವುವುದು ಇಲ್ಲಿಯೇ. ಮೂರನೆಯ ಸೈಲೆನ್ಸರಿನಲ್ಲಿ 16 ಮತ್ತು 12 ಮಿ.ಮೀ.ಗಳ ಎರಡು ಬಾಯಿಗಳು ಸೇರಿ 314 ಚದರ ಮಿ.ಮೀ. ಆದವು, ಅಂದರೆ ಹೊಗೆಕಿಂಡಿಯ ಶೇ. 80ರಷ್ಟು. ಈ ಕೆಲಸದಲ್ಲಿ ಪಳಗಿದವರು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿಯೂ ಅದೇ ಆಸುಪಾಸಿನದು.

ಪರೀಕ್ಷೆಗೆ 40 ಸೆಂ.ಮೀ. ದಪ್ಪದ, ಗಂಟುಗಳಿಲ್ಲದ ಒಂದೇ ಒಣ ದಿಮ್ಮಿಯನ್ನು ಆರಿಸಿಕೊಂಡೆ. ಪ್ರತಿ ಸರದಿಗೂ ಮೊದಲು ಚೈನಿಗೆ ಅರ ಹಾಕಿ ಹರಿತಗೊಳಿಸಿ, ಎಂಜಿನ್ ಬಿಸಿಯಾದ ಮೇಲೆ ಐದು ಕೊಯ್ತಗಳನ್ನು ತೆಗೆದು, ಮೊದಲನೆಯದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ಹಿಡಿದೆ. ಯಂತ್ರವನ್ನು ತನ್ನ ಭಾರದಿಂದಲೇ ಇಳಿಯಲು ಬಿಟ್ಟು, ಕೈಯಿಂದ ಒತ್ತುವುದನ್ನು ತಪ್ಪಿಸಿದೆ. ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣ ಪ್ರತಿ ಬಾರಿಯೂ ಹೊಸದಾಗಿ ಕಲಸಿದ 50:1. ಒಂದು ಯಂತ್ರದ, ಒಂದು ದಿಮ್ಮಿಯ ಲೆಕ್ಕ ಇದಾದ್ದರಿಂದ ಸೆಕೆಂಡುಗಳಿಗಿಂತ ಅವುಗಳ ನಡುವಿನ ಅಂತರವನ್ನೇ ಓದುಗರು ಗಮನಿಸಬೇಕು.

ಏನನ್ನೂ ಮುಟ್ಟದ ಸ್ಥಿತಿಯಲ್ಲಿ ಒಂದು ಕೊಯ್ತಕ್ಕೆ 24 ಸೆಕೆಂಡು ಬೇಕಾಯಿತು. ಸೈಲೆನ್ಸರನ್ನು ಬಿಚ್ಚಿ ನೋಡಿದಾಗ ಕಿಡಿ ತಡೆಯುವ ಜಾಲರಿಯ ಮೂರರಲ್ಲೊಂದು ಭಾಗ ಮಸಿ ಮತ್ತು ಅರೆಬೆಂದ ಎಣ್ಣೆಯಿಂದ ಮುಚ್ಚಿಹೋಗಿತ್ತು. ಜಾಲರಿಯನ್ನು ಹೊರತೆಗೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ತಣಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿ, ಹೊಗೆಕಿಂಡಿಯ ಅಂಚಿನ ಮಸಿಯನ್ನು ಪಿಸ್ಟನ್ ಕಿಂಡಿಯನ್ನು ಮುಚ್ಚಿರುವಾಗ ಮರದ ಕಡ್ಡಿಯಿಂದ ಕೆರೆದು ತೆಗೆದೆ. ಅದೇ ದಿಮ್ಮಿ, ಅದೇ ಚೈನು: 21 ಸೆಕೆಂಡು. ಒಂದು ತೂತನ್ನೂ ಕೊರೆಯದೆ ಮೂರು ಸೆಕೆಂಡು ದೊರೆತಿದ್ದವು. ಸೈಲೆನ್ಸರ್ ತಿದ್ದಿದ ಮೇಲೆ ಯಂತ್ರವೇ ಬೇರೆಯಾಯಿತೆಂದು ಹೇಳುವ ಅನೇಕರ ಲಾಭದಲ್ಲಿ ಮಸಿ ತೆಗೆದದ್ದರ ಪಾಲು ದೊಡ್ಡದಿರಬೇಕೆಂದು ಅಂದಿನಿಂದ ನನಗೆ ಅನ್ನಿಸಿದೆ. ತೂತು ಕೊರೆಯುವವರೂ ಆ ಹೊತ್ತಿನಲ್ಲಿ ಜಾಲರಿಯನ್ನು ಶುಚಿ ಮಾಡುತ್ತಾರಲ್ಲವೇ? ಆದ್ದರಿಂದ ಮುಂದಿನ ಹೋಲಿಕೆಗೆಲ್ಲ 21 ಸೆಕೆಂಡನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಬಾಯಿ ಅಗಲಿಸಿದ ಸೈಲೆನ್ಸರಿನ ಕೆಲಸ ಸರಳವಾದದ್ದು. ಎಂಜಿನ್ನಿನಿಂದ ಪೂರ್ತಿ ಬಿಚ್ಚಿ, ಹಿಡಿಕೆಯಲ್ಲಿ ಕಚ್ಚಿಸಿ, ಚಿಕ್ಕ ಬಿಟ್‌ನಿಂದ ಆರಂಭಿಸಿ ಹಂತಹಂತವಾಗಿ ಕೊರೆದು, ಅಂಚಿನ ಚೂಪನ್ನು ಅರದಿಂದ ತೆಗೆದು, ಒಳಗಿನ ಕಬ್ಬಿಣದ ಪುಡಿಯನ್ನೆಲ್ಲ ಪೆಟ್ರೋಲಿನಿಂದ ತೊಳೆದು, ಪೂರಾ ಒಣಗಿದ ಮೇಲೆ ಕೂರಿಸಬೇಕು. ಸೈಲೆನ್ಸರನ್ನು ಎಂಜಿನ್ನಿನ ಮೇಲೆಯೇ ಇಟ್ಟು ಕೊರೆಯುವುದನ್ನು ಯಾರೂ ಮಾಡಬಾರದು. ಒಂದು ಚೂರು ಹೊಗೆಕಿಂಡಿಯೊಳಗೆ ಬಿದ್ದರೂ ಪಿಸ್ಟನ್ ಮತ್ತು ಸಿಲಿಂಡರಿನ ಮೈ ಗೀಚಿಹೋಗುತ್ತದೆ. ಜಾಲರಿಯ ತಂತಿಯೇ ಬಾಯಿಯ ಒಂದು ದೊಡ್ಡ ಭಾಗವನ್ನು ಮುಚ್ಚುವುದರಿಂದ, ಚಪ್ಪಟೆ ಜಾಲರಿಯ ಬದಲು ಒಳಕ್ಕೆ ಬಟ್ಟಲಿನಂತೆ ಬಾಗಿದ ಜಾಲರಿಯನ್ನು ಹಾಕಿ, ಅನಿಲ ಸೋಸುವ ಮೈಯನ್ನು ತೂತಿಗಿಂತ ದೊಡ್ಡದಾಗಿಸಿದೆ. ಜಾಲರಿಯನ್ನೇ ಕಿತ್ತೆಸೆಯುವುದು ಸುಲಭ, ಆದರೆ ಒಣ ತರಗೆಲೆಯ ಮೇಲೆ ಕೆಲಸ ಮಾಡುವ ಯಂತ್ರಕ್ಕೆ ಅದು ಸಲ್ಲದು. 0.58 ಮಿ.ಮೀ.ಗಿಂತ ದೊಡ್ಡ ಮಸಿಯ ಕಣ ಹೊರಬೀಳಬಾರದೆಂದು ಅಮೆರಿಕದ ಅರಣ್ಯ ಸೇವೆ ಮಾನದಂಡ ಇಟ್ಟುಕೊಂಡಿರುವುದಕ್ಕೆ ಕಾಡ್ಗಿಚ್ಚಿನ ಭಯವೇ ಕಾರಣ.

ಈ ಸೈಲೆನ್ಸರ್ ಹಾಕಿ ಕಾರ್ಬುರೇಟರನ್ನು ಮುಟ್ಟದೆ ಕೊಯ್ದ ಮೊದಲ ಎರಡು ಕೊಯ್ತಗಳು ಅಚ್ಚರಿ ಹುಟ್ಟಿಸುವಷ್ಟು ವೇಗವಾಗಿದ್ದವು. ಮೂರನೆಯ ಕೊಯ್ತದ ನಡುವೆ ಎಂಜಿನ್ನಿನ ದನಿ ತೆಳ್ಳಗಾಗಿ, ಶಿಳ್ಳೆಯ ಹಾಗೆ ಮೇಲೇರಿತು. ತಕ್ಷಣ ಆರಿಸಿ ಪ್ಲಗ್ ಬಿಚ್ಚಿದಾಗ ಅದರ ತುದಿ ಸುಣ್ಣದಂತೆ ಬಿಳಿಚಿಕೊಂಡಿತ್ತು. ಸೈಲೆನ್ಸರ್ ತೆಗೆದು ಹೊಗೆಕಿಂಡಿಯಿಂದ ಇಣುಕಿ ನೋಡಿದೆ. ಪಿಸ್ಟನ್ನಿನ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಎರಡು ಲಂಬ ಗೆರೆಗಳು ಮೂಡಿದ್ದವು. ಇನ್ನೊಂದು ನಿಮಿಷ ಓಡಿಸಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆದದ್ದು ಇಷ್ಟು: ಸಿಲಿಂಡರ್ ಚೆನ್ನಾಗಿ ಬರಿದಾಗತೊಡಗಿದ ಮೇಲೆ ಒಳಬರುವ ಗಾಳಿ ಹೆಚ್ಚಿತು, ಕಾರ್ಬುರೇಟರ್ ಕೊಡುವ ಪೆಟ್ರೋಲು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ಎಂಜಿನ್ ಲೀನ್ ಆಯಿತು. ಟು ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ, ಪೆಟ್ರೋಲಿನ ಕೊರತೆಯೆಂದರೆ ಉಷ್ಣ ಏರುವುದು ಮತ್ತು ಎಣ್ಣೆ ಸಾಲದಿರುವುದು ಎರಡೂ ಒಂದೇ ಗಳಿಗೆಯಲ್ಲಿ ನಡೆಯುವ ಕೆಡುಕು. ಸೈಲೆನ್ಸರ್ ತಿದ್ದುವ ಕೆಲಸ ನಿಜವಾಗಿ ಕಾರ್ಬುರೇಟರಿನ ಕೆಲಸವೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕಾರ್ಬುರೇಟರಿನ ಎಚ್ ಸ್ಕ್ರೂವನ್ನು ಎಡಕ್ಕೆ ತಿರುಗಿಸಿದರೆ ಪೂರ್ಣ ವೇಗದಲ್ಲಿ ಪೆಟ್ರೋಲು ಹೆಚ್ಚುತ್ತದೆ. ಸ್ಕ್ರೂಗಳ ತಲೆಯ ಮೇಲಿನ ಪ್ಲಾಸ್ಟಿಕ್ ಟೋಪಿ ತಿರುವನ್ನು ತಡೆಯುವುದರಿಂದ ನನ್ನ ಯಂತ್ರದಲ್ಲಿ ಅದನ್ನು ತೆಗೆಯಬೇಕಾಯಿತು. ಏರ್ ಫಿಲ್ಟರ್ ಶುಚಿಗೊಳಿಸಿ, ಎಂಜಿನ್ ಬಿಸಿಯಾದ ಮೇಲೆ, ಮೊದಲು ಕಡಿಮೆ ವೇಗದ ಪೆಟ್ರೋಲನ್ನು ಹೊಂದಿಸುವ ಎಲ್ ಸ್ಕ್ರೂವನ್ನು ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ತಡವರಿಸದೆ ಎದ್ದೇಳುವಂತೆ ಹೊಂದಿಸಿ, ಬಳಿಕ ಎಚ್ ಸ್ಕ್ರೂವನ್ನು ಬೇಕೆಂದೇ ಹೆಚ್ಚು ತೆರೆದು ಆರಂಭಿಸಬೇಕು. ಭಾರವಿಲ್ಲದೆ ಪೂರ್ಣ ವೇಗ ಕೊಟ್ಟಾಗ ಎಂಜಿನ್ ಗುಡುಗುಡು ಎಂದು ತೊದಲಬೇಕು, ಚೈನು ಮರಕ್ಕೆ ಇಳಿದೊಡನೆ ಆ ತೊದಲು ಹೋಗಿ ದನಿ ಸಪಾಟಾಗಬೇಕು, ಮರದಿಂದ ಎತ್ತಿದಾಗ ಮತ್ತೆ ತೊದಲಬೇಕು. ಮರದೊಳಗೂ ತೊದಲಿದರೆ ಪೆಟ್ರೋಲು ಹೆಚ್ಚಾಗಿದೆ, ಎಲ್ಲಿಯೂ ತೊದಲದಿದ್ದರೆ ಕಡಿಮೆಯಾಗಿದೆ. ಇಲ್ಲಿ ಒಂದು ಮೋಸವಿದೆ. ಅನೇಕ ಹೊಸ ಯಂತ್ರಗಳ ಇಗ್ನಿಷನ್ ಕಾಯಿಲ್ ಗರಿಷ್ಠ ವೇಗ ಮುಟ್ಟಿದಾಗ ಕಿಡಿಯನ್ನು ತಡೆಹಿಡಿಯುತ್ತದೆ, ಆಗ ಕೇಳಿಸುವ ತೊದಲು ಪೆಟ್ರೋಲು ಹೆಚ್ಚಿದಾಗಿನ ತೊದಲಿನಂತೆಯೇ ಇರುತ್ತದೆ. ಅದನ್ನು ನಂಬಿ ಸ್ಕ್ರೂ ಬಿಗಿಯುತ್ತ ಹೋದವರ ಪಿಸ್ಟನ್ ಉಳಿಯುವುದಿಲ್ಲ. ಎಂಜಿನ್ನಿನ ವೇಗ ಅಳೆಯುವ ಟ್ಯಾಕೋಮೀಟರ್ ಹಿಡಿದು, ಕೈಪಿಡಿಯಲ್ಲಿ ಕೊಟ್ಟ ಗರಿಷ್ಠ ವೇಗಕ್ಕಿಂತ ಕೆಲವು ನೂರು ಆರ್‌ಪಿಎಂ ಕೆಳಗೆ ನಿಲ್ಲಿಸುವುದು ಕಿವಿಯನ್ನಷ್ಟೇ ನಂಬುವುದಕ್ಕಿಂತ ಕ್ಷೇಮ.

ಹೀಗೆ ಹೊಂದಿಸಿದ ಮೇಲೆ ಬಾಯಿ ಅಗಲಿಸಿದ ಸೈಲೆನ್ಸರಿನ ಸರಾಸರಿ 18.5 ಸೆಕೆಂಡು ಬಂತು. ಗಡಿಯಾರಕ್ಕಿಂತ ಕೈಗೆ ತಿಳಿದ ವ್ಯತ್ಯಾಸವೇ ದೊಡ್ಡದು: ದಿಮ್ಮಿಯ ನಡುಭಾಗದಲ್ಲಿ, ಚೈನು ಸುತ್ತುವ ಪಟ್ಟಿಯಾದ ಬಾರ್‌ನ ಅತಿ ಹೆಚ್ಚು ಉದ್ದ ಮರದೊಳಗಿರುವಾಗ, ಎಂಜಿನ್ ಮೊದಲಿನಂತೆ ಕುಸಿಯದೆ ತನ್ನ ಲಯದಲ್ಲೇ ಎಳೆದುಕೊಂಡು ಹೋಯಿತು.

ಎರಡು ಬಾಯಿಗಳ ಸೈಲೆನ್ಸರಿನಿಂದ ನಾನು ನಿರೀಕ್ಷಿಸಿದ್ದು ಬಹಳ. ಮತ್ತೆ ಎಚ್ ಸ್ಕ್ರೂ ತೆರೆದು, ಮತ್ತೆ ಅರ ಹಾಕಿ ಕೊಯ್ದಾಗ ಬಂದದ್ದು 18 ಸೆಕೆಂಡು. ವಿಸ್ತೀರ್ಣ ಅರ್ಧಕ್ಕಿಂತ ಹೆಚ್ಚು ಏರಿದರೂ ಲಾಭ ಅರ್ಧ ಸೆಕೆಂಡು ಮಾತ್ರ. ಎರಡನೆಯ ಬಾಯಿಗೆ ಕೊಳವೆಯ ತುಂಡನ್ನು ವೆಲ್ಡ್ ಮಾಡಿ ದಿಕ್ಕು ಕೊಡುವುದು ಅನಿವಾರ್ಯ, ಏಕೆಂದರೆ ಬಿಸಿ ಅನಿಲ ಚೈನ್ ಬ್ರೇಕಿನ ಪ್ಲಾಸ್ಟಿಕ್ಕಿನ ಮೇಲೋ ಕೆಲಸ ಮಾಡುವವನ ಕಾಲಿನ ಮೇಲೋ ಬೀಳಬಾರದು. ನನ್ನ ಮೊದಲ ಪ್ರಯತ್ನದಲ್ಲಿ ಕೊಳವೆ ತುಸು ಕೆಳಮುಖವಾಗಿತ್ತು. ನೆಲದ ಹತ್ತಿರ ಕೊಯ್ಯುವಾಗ ಮರದ ಪುಡಿ ಮುಖಕ್ಕೆ ಎರಚಿತು, ಒಣ ತೊಗಟೆಯಿಂದ ಸಣ್ಣಗೆ ಹೊಗೆಯೂ ಎದ್ದಿತು. ಕೊಳವೆಯನ್ನು ಕತ್ತರಿಸಿ ಮುಂದಕ್ಕೆ ತಿರುಗಿಸಿ ಮತ್ತೆ ವೆಲ್ಡ್ ಮಾಡಿದ ಮೇಲೆಯೇ ಅದನ್ನು ಬಳಸಲು ಸಾಧ್ಯವಾದದ್ದು. ಉದ್ದ ಬಾರ್ ಕಟ್ಟಿಕೊಂಡು ದಪ್ಪ ಮರಗಳನ್ನೇ ದಿನವಿಡೀ ಕೊಯ್ಯುವವರಿಗೆ ಈ ಅರ್ಧ ಸೆಕೆಂಡು ಬೆಲೆಯುಳ್ಳದ್ದಾಗಬಹುದು. ಟ್ಯಾಂಕು ಬೇಗ ಬರಿದಾಗುವುದನ್ನೂ ಅವರು ಲೆಕ್ಕ ಹಿಡಿಯಬೇಕು.

ಒಳತಡೆ ತಗಡನ್ನು ತೆಗೆದ ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳಲಾರೆ. ಕೊಯ್ತದ ಸಮಯ ಎರಡು ಬಾಯಿಗಳದ್ದರಿಂದ ಬೇರೆ ಮಾಡಲಾಗದಷ್ಟು ಸಮೀಪವಿತ್ತು, ಸದ್ದು ಮಾತ್ರ ಹತ್ತಿರ ನಿಲ್ಲಲಾಗದಷ್ಟಾಯಿತು. ಅದರ ತೆಳು ಮುಚ್ಚಳ ಒಳಗಿನ ಆಸರೆ ಇಲ್ಲದೆ ನಡುಗತೊಡಗಿದ್ದರಿಂದ ಎರಡೇ ಟ್ಯಾಂಕುಗಳ ನಂತರ ಅದನ್ನು ಕೆಳಗಿಟ್ಟೆ.

ಸದ್ದಿನ ವಿಷಯವನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ನೋವಾಗುತ್ತದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಶಿಫಾರಸಿನ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದಾದ ಬರಿಗಿವಿ 100 ಡೆಸಿಬೆಲ್‌ನಲ್ಲಿ ಇರಬಹುದಾದದ್ದು 15 ನಿಮಿಷ ಮಾತ್ರ. ಏನನ್ನೂ ತಿದ್ದದ ಚೈನ್‌ಸಾ ಕೂಡ ಬಳಸುವವರ ಕಿವಿಯ ಬಳಿ ಸಾಮಾನ್ಯವಾಗಿ 100 ಡೆಸಿಬೆಲ್ ದಾಟಿರುತ್ತದೆ. ಬಾಯಿ ಅಗಲಿಸಿದ ಸೈಲೆನ್ಸರಿನ ದನಿ ಸ್ವಲ್ಪ ಗಡುಸಾಯಿತು, ಎರಡು ಬಾಯಿಗಳದ್ದು ಇಯರ್ ಮಫ್‌ನೊಳಗೂ ಬಡಿಯತೊಡಗಿ, ಅದರ ಒಳಗೆ ಇಯರ್ ಪ್ಲಗ್ ಕೂಡ ಹಾಕಿಕೊಳ್ಳುವಂತೆ ಮಾಡಿತು.

ಈ ಎಲ್ಲ ಸೈಲೆನ್ಸರುಗಳಿಗೂ ಎದುರಾಳಿಯಾಗಿ ಇನ್ನೊಂದನ್ನು ನಿಲ್ಲಿಸದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ, ಅದು ಚೈನು. ಕೊಯ್ಯುವ ಪ್ರತಿ ಹಲ್ಲಿನ ಮುಂದೆ ಡೆಪ್ತ್ ಗೇಜ್ ಎಂಬ ಚಿಕ್ಕ ದಿಣ್ಣೆಯಿದೆ, ಹಲ್ಲು ಒಂದು ಬಾರಿಗೆ ಎಷ್ಟು ದಪ್ಪದ ಸಿಪ್ಪೆ ಎಬ್ಬಿಸಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಹಲ್ಲಿಗೆ ಮಾತ್ರ ಅರ ಹಾಕುತ್ತ ಬಂದಿದ್ದರಿಂದ ನನ್ನ ಚೈನಿನಲ್ಲಿ ಹಲ್ಲಿನ ತುದಿಗೂ ದಿಣ್ಣೆಗೂ ನಡುವಿನ ಎತ್ತರದ ಅಂತರ 0.4 ಮಿ.ಮೀ.ಗೆ ಇಳಿದಿತ್ತು. ಸೈಲೆನ್ಸರುಗಳ ಪರೀಕ್ಷೆಯೆಲ್ಲ ಮುಗಿದ ಮೇಲೆ ಅದನ್ನು 0.65 ಮಿ.ಮೀ.ಗೆ ಸರಿಪಡಿಸಿ, ಶುಚಿಗೊಳಿಸಿದ ಮೂಲ ಸೈಲೆನ್ಸರನ್ನೇ ಮತ್ತೆ ಕೂರಿಸಿ, ಕಾರ್ಬುರೇಟರನ್ನು ಹಳೆಯ ಸ್ಥಾನಕ್ಕೆ ತಂದು ಕೊಯ್ದಾಗ 21 ಸೆಕೆಂಡು 18ಕ್ಕೆ ಇಳಿಯಿತು. ಒಂದು ಚಪ್ಪಟೆ ಅರದಿಂದ ಅರ್ಧ ಗಂಟೆಯಲ್ಲಿ ದೊರೆತದ್ದು ಎರಡು ಬಾಯಿಗಳ ಸೈಲೆನ್ಸರ್ ಕೊಟ್ಟಷ್ಟೇ ಲಾಭ. ಅದೇ ಚೈನಿಗೆ ಬಾಯಿ ಅಗಲಿಸಿದ ಸೈಲೆನ್ಸರ್ ಜೊತೆಯಾದಾಗ 16 ಸೆಕೆಂಡು ಬಂತು. ದಪ್ಪ ಸಿಪ್ಪೆ ಎಬ್ಬಿಸುವ ಚೈನಿಗೆ ಬೇಕಾದ ಎಳೆತವನ್ನು ತೆರೆದ ಎಂಜಿನ್ ಒದಗಿಸಿದ್ದರಿಂದ ಎರಡೂ ಒಂದಕ್ಕೊಂದು ನೆರವಾದವು.

ಎಲ್ಲ ಯಂತ್ರಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಹೊಂದಿಸಲಾಗದ ಜೆಟ್ (ಪೆಟ್ರೋಲು ಬರುವ ಸಣ್ಣ ತೂತು) ಇರುವ ಕಾರ್ಬುರೇಟರಿನ ಯಂತ್ರದಲ್ಲಿ ಸೈಲೆನ್ಸರನ್ನು ತೆರೆಯಲೇಬಾರದು, ಲೀನ್ ಆದದ್ದನ್ನು ಸರಿಪಡಿಸುವ ದಾರಿಯೇ ಅಲ್ಲಿಲ್ಲ. ಸ್ಟಿಲ್ ಕಂಪನಿಯ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್ ಮುಂತಾದ ವ್ಯವಸ್ಥೆಗಳು ಪೆಟ್ರೋಲಿನ ಪ್ರಮಾಣವನ್ನು ತಾವೇ ಹೊಂದಿಸಿಕೊಳ್ಳುತ್ತವೆ, ಆದರೂ ತಿದ್ದಿದ ಮೇಲೆ ಕೆಲವು ಕೊಯ್ತಗಳ ಕಾಲ ಅವುಗಳಿಗೆ ಕಲಿಯಲು ಅವಕಾಶ ಕೊಡಬೇಕು. ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಮಾದರಿಗಳನ್ನು ನಾನು ಮುಟ್ಟುವುದಿಲ್ಲ. ಹೊಗೆಯ ನಿಯಂತ್ರಣಕ್ಕಾಗಿ ಕೂರಿಸಿದ ಭಾಗವನ್ನು ಬದಲಿಸುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಸಾಮಾನ್ಯ ಸೈಲೆನ್ಸರಿಗೂ ಅಲ್ಲಿನ ನಿಯಮವೇನೆಂದು ಮೊದಲು ತಿಳಿದುಕೊಳ್ಳಬೇಕು. ಸೈಲೆನ್ಸರಿಗೆ ಕೈಹಾಕಿದ ದಿನವೇ ವಾರಂಟಿಯ ಆಸೆಯನ್ನೂ ಬಿಡಬೇಕಾಗುತ್ತದೆ.

ನನ್ನ ಯಂತ್ರದಲ್ಲಿ ಈಗ ಉಳಿದಿರುವುದು 16 ಮಿ.ಮೀ. ಬಾಯಿಯ ಸೈಲೆನ್ಸರ್, ಬಟ್ಟಲಿನಾಕಾರದ ಜಾಲರಿ ಮತ್ತು ಡೆಪ್ತ್ ಗೇಜಿನ ಅಂತರವನ್ನು 0.65 ಮಿ.ಮೀ.ಗೆ ಸರಿಪಡಿಸಿದ ಚೈನು. ಮೊದಲ ಮೂರು ಟ್ಯಾಂಕುಗಳ ನಂತರ ಪ್ರತಿ ಬಾರಿಯೂ ಬೋಲ್ಟುಗಳನ್ನು ಮರುಬಿಗಿದೆ, ಅವುಗಳಲ್ಲಿ ಒಂದು ನಿಜಕ್ಕೂ ಸಡಿಲಾಗಿತ್ತು. ಹತ್ತನೆಯ ಟ್ಯಾಂಕು ಮುಗಿದಾಗ ಸೈಲೆನ್ಸರ್ ಬಿಚ್ಚಿ ಹೊಗೆಕಿಂಡಿಯೊಳಗೆ ಟಾರ್ಚ್ ಹಿಡಿದು ನೋಡಿದೆ. ಅಂದಿನ ಆ ಎರಡು ಗೆರೆಗಳು ಮೊದಲಿನಷ್ಟೇ ಇದ್ದವು, ಆಳವಾಗಿರಲಿಲ್ಲ. ಪ್ಲಗ್‌ನ ತುದಿ ಕಾಫಿಪುಡಿಯ ಕಂದು ಬಣ್ಣಕ್ಕೆ ತಿರುಗಿತ್ತು.