ಸೋನಿ ಆರ್‌ಎಕ್ಸ್100 ಮಾರ್ಕ್ 7: ಬಾದಾಮಿಗೆ ಹೊರಡುವ ಮುನ್ನ ಕೊಂಡ ಪುಟ್ಟ ಕ್ಯಾಮೆರಾ

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಕುಟುಂಬಸಮೇತ ಹೊರಡುವ ಮುನ್ನ ನಾನು ಕೊಂಡದ್ದು ಸೋನಿಯ ಆರ್‌ಎಕ್ಸ್100 ಮಾರ್ಕ್ 7 ಎಂಬ, ಜೇಬಿನಲ್ಲಿ ಹಿಡಿಸುವ ಕ್ಯಾಮೆರಾವನ್ನು. 2019ರಲ್ಲಿ ಬಂದ ಮಾದರಿಯಾದರೂ ಇದರ ಬೆಲೆ ಲಕ್ಷ ರೂಪಾಯಿಯ ಆಸುಪಾಸಿನಿಂದ ಕೆಳಗಿಳಿದಿಲ್ಲ. ಅಷ್ಟೇ ದುಡ್ಡಿಗೆ ಒಳ್ಳೆಯ ಮೊಬೈಲೇ ಬರುತ್ತಿತ್ತಲ್ಲ ಎಂಬ ಮಾತು ಮನೆಯಲ್ಲಿ ಎದ್ದಿತು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹಗಲ ಬೆಳಕಿನಲ್ಲಿ ತೆಗೆದ ಅಗಲ ನೋಟದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದಕ್ಕೂ ಒಳ್ಳೆಯ ಮೊಬೈಲಿಗೂ ಹೇಳಿಕೊಳ್ಳುವಂಥ ಅಂತರ ಕಾಣಿಸುವುದಿಲ್ಲ. ಕೊಟ್ಟ ಹಣಕ್ಕೆ ಈ ಕ್ಯಾಮೆರಾ ಉತ್ತರ ಕೊಡುವುದು ಜೂಮ್ ಮಾಡಿದಾಗ, ಮತ್ತು ಅದರ ಸೆಟ್ಟಿಂಗ್‌ಗಳನ್ನು ಊರಿನಲ್ಲಿದ್ದಾಗಲೇ ಸರಿಪಡಿಸಿಕೊಂಡಿದ್ದರೆ ಮಾತ್ರ.

ಮೊದಲು ಲೆನ್ಸಿನ ವಿಚಾರ. 24ರಿಂದ 200 ಮಿಲಿಮೀಟರ್‌ಗೆ ಸಮನಾದ, ಅಂದರೆ ಅಗಲ ನೋಟದಿಂದ ಸುಮಾರು ಎಂಟು ಪಟ್ಟು ಜೂಮ್‌ವರೆಗಿನ ವ್ಯಾಪ್ತಿಯುಳ್ಳ ಝೈಸ್ ಲೆನ್ಸನ್ನು, 13.2×8.8 ಮಿಲಿಮೀಟರ್ ಅಳತೆಯ (ಹೆಸರಿಗಷ್ಟೇ ‘ಒಂದು ಇಂಚಿನ’) ಸೆನ್ಸರನ್ನು, ಎಂದರೆ ಬೆಳಕನ್ನು ಚಿತ್ರವಾಗಿಸುವ ಫಲಕವನ್ನು, ಸಾಲದೆಂಬಂತೆ ಒಳಗಿನಿಂದ ಪುಟಿದೇಳುವ, ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರನ್ನೂ ಬ್ಯಾಟರಿ ಸೇರಿ 302 ಗ್ರಾಂ ತೂಗುವ ಡಬ್ಬಿಯೊಳಗೆ ಸೇರಿಸಿರುವುದು ಸಣ್ಣ ಸಾಧನೆಯಲ್ಲ. ಮೊಬೈಲಿನಲ್ಲಿ ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸಿನ ಹಿಂದೆ ಸಾಮಾನ್ಯವಾಗಿ ಮುಖ್ಯ ಕ್ಯಾಮೆರಾದ್ದಕ್ಕಿಂತ ಚಿಕ್ಕ ಸೆನ್ಸರ್ ಇರುತ್ತದೆ; ಇಲ್ಲಿ ಎಷ್ಟೇ ಜೂಮ್ ಮಾಡಿದರೂ ಸೆನ್ಸರ್ ಅದೇ. ಬಾದಾಮಿಯ ಗುಹೆಗಳ ಮೆಟ್ಟಿಲುಗಳ ಮೇಲೆ ನಿಂತು ಅಗಸ್ತ್ಯತೀರ್ಥವೆಂಬ ಕೆರೆಯಾಚೆಯ ಭೂತನಾಥ ಗುಡಿಯತ್ತ ತಿರುಗಿಸಿದಾಗ ಈ ಅಂತರ ಸ್ಪಷ್ಟವಾಯಿತು. ಇಳಿಹೊತ್ತಿನ ಬಿಸಿಲು ನೇರವಾಗಿ ಗುಡಿಯ ಮುಖಕ್ಕೆ ಬೀಳುತ್ತಿದ್ದಾಗ ಶಿಖರದ ಅಂತಸ್ತುಗಳೂ ಅವುಗಳ ನಡುವಿನ ನೆರಳುಗಳೂ ಬೇರೆಬೇರೆಯಾಗಿ ಮೂಡಿದವು. ಮೊಬೈಲಿನ ಚಿತ್ರದಲ್ಲಿ ಅದೇ ಭಾಗ ಬಣ್ಣ ಮೆತ್ತಿದಂತೆ ಕಲಸಿಹೋಗಿತ್ತು.

ಪೆಟ್ಟಿಗೆ ತೆರೆದ ದಿನವೇ ಗಮನಿಸಬೇಕಾದದ್ದು ಬ್ಯಾಟರಿ. ಎನ್‌ಪಿ-ಬಿಎಕ್ಸ್1 ಎಂಬ ಈ ಬ್ಯಾಟರಿಯ ಸಾಮರ್ಥ್ಯ 1240 ಎಂಎಎಚ್. ಒಮ್ಮೆ ತುಂಬಿದರೆ ಪರದೆ ನೋಡಿಕೊಂಡು ಸುಮಾರು 260, ವ್ಯೂಫೈಂಡರ್ ಬಳಸಿದರೆ 240 ಚಿತ್ರಗಳೆಂದು ತಯಾರಕರೇ ಹೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಗುಡಿಯಿಂದ ಗುಡಿಗೆ ಅಲೆಯುವವರಿಗೆ ಇದು ಸಾಲದು. ಪೆಟ್ಟಿಗೆಯಲ್ಲಿ ಪ್ರತ್ಯೇಕ ಚಾರ್ಜರ್ ಇಲ್ಲ; ಬ್ಯಾಟರಿಯನ್ನು ಕ್ಯಾಮೆರಾದೊಳಗೇ ಇಟ್ಟು, ಕ್ಯಾಮೆರಾವನ್ನು ಆಫ್ ಮಾಡಿ, ಕೇಬಲ್ ಚುಚ್ಚಬೇಕು. ನನ್ನ ಬಳಿ ಇರುವುದರಲ್ಲಿ ಆ ಕಿಂಡಿ ಹಳೆಯ ಮೈಕ್ರೋ ಯುಎಸ್‌ಬಿಯದ್ದು, ಆದ್ದರಿಂದ ಮನೆಯವರ ಟೈಪ್-ಸಿ ಕೇಬಲ್‌ಗಳು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. ಎರಡನೆಯ ಬ್ಯಾಟರಿಯನ್ನೂ ಗೋಡೆಗೆ ಚುಚ್ಚುವ ಚಾರ್ಜರನ್ನೂ ಕ್ಯಾಮೆರಾದ ಜೊತೆಗೇ ಕೊಳ್ಳುವುದು ಲೇಸು. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಲಿಥಿಯಂ ಬ್ಯಾಟರಿಗಳನ್ನು ಬಿಡಿಯಾಗಿ ಚೆಕ್-ಇನ್ ಸಾಮಾನಿನಲ್ಲಿ ಹಾಕಲು ಅನುಮತಿಯಿಲ್ಲ.

ಇನ್ನು ಮೆನು. ಇದು ಸರ್ಕಾರಿ ಅರ್ಜಿ ನಮೂನೆಯಂತೆ ಪುಟದ ಮೇಲೆ ಪುಟವಾಗಿ ಸಾಗುತ್ತದೆ. ಒಂದಕ್ಕೊಂದು ಸಂಬಂಧಪಟ್ಟ ಅಂಶಗಳು ಒಂದೇ ಕಡೆ ಸಿಗುತ್ತವೆಂಬ ಭರವಸೆಯೂ ಇಲ್ಲ. ಎಲ್ಲವನ್ನೂ ಓದಿ ಮುಗಿಸುವ ಅಗತ್ಯವಿಲ್ಲ, ಆದರೆ ಕೆಲವನ್ನು ಬದಲಿಸದೆ ಪ್ರವಾಸಕ್ಕೆ ಹೊರಡಬಾರದು. ಮೊದಲ ಬಾರಿ ಚಾಲೂ ಮಾಡಿದಾಗ ಕೇಳುವ ದಿನಾಂಕ, ಸಮಯಗಳನ್ನು ಮೊಬೈಲಿನ ಗಡಿಯಾರಕ್ಕೆ ಸರಿಹೊಂದಿಸಿದರೆ, ಎರಡರಲ್ಲೂ ತೆಗೆದ ಚಿತ್ರಗಳನ್ನು ಊರಿಗೆ ಬಂದು ಒಂದೆಡೆ ಸೇರಿಸುವಾಗ ಅವು ತಾವಾಗಿಯೇ ಅನುಕ್ರಮದಲ್ಲಿ ನಿಲ್ಲುತ್ತವೆ. ಫೋಕಸ್ ಆದಾಗಲೆಲ್ಲ ಕೇಳಿಸುವ ‘ಪೀಪ್’ ಸದ್ದನ್ನು ನಿಲ್ಲಿಸುವುದು, ಪೂಜೆ ನಡೆಯುವ ಗುಡಿಗಳಿಗೆ ಹೋಗುವವರಿಗಂತೂ, ಸೌಜನ್ಯದ ಮಾತು. ಮೇಲೆದ್ದ ವ್ಯೂಫೈಂಡರನ್ನು ಒಳಕ್ಕೆ ಒತ್ತಿದರೆ ಕ್ಯಾಮೆರಾ ಆರಿಹೋಗುವಂತೆಯೂ, ಚಾಲೂ ಇರುವಂತೆಯೂ ಆಯ್ದುಕೊಳ್ಳಬಹುದು. ಪರದೆಗೂ ವ್ಯೂಫೈಂಡರಿಗೂ ಪದೇಪದೇ ಅದಲುಬದಲಾಗುವವರು ಎರಡನೆಯದನ್ನೇ ಆಯ್ದುಕೊಳ್ಳಲಿ.

ಆದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ; ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಮತ್ತು ಶಟರ್ ವೇಗದ (ಬೆಳಕನ್ನು ಒಳಬಿಡುವ ಅವಧಿ ಎಷ್ಟು ಚಿಕ್ಕದೆಂಬುದರ) ವಿಚಾರ. ಈ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಜೂಮ್ ಮಾಡದ ಅಗಲದ ತುದಿಯಲ್ಲಿ ಎಫ್ 2.8 ಇದ್ದು, ಪೂರ್ತಿ ಜೂಮ್ ಮಾಡುವಷ್ಟರಲ್ಲಿ ಎಫ್ 4.5ಕ್ಕೆ ಕಿರಿದಾಗುತ್ತದೆ (ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಅಂದರೆ ಹತ್ತಿರಕ್ಕೆ ತಂದಷ್ಟೂ ಬೆಳಕು ಕಡಿಮೆ, ಕೈನಡುಕದ ಪರಿಣಾಮ ಹೆಚ್ಚು. 578ರಲ್ಲಿ ಚಾಲುಕ್ಯ ವಂಶದ ಮಂಗಳೇಶ ಹಾಕಿಸಿದ ಶಾಸನವಿರುವ ಮೂರನೆಯ ಗುಹೆಯಲ್ಲಿ, ಕಂಬಗಳ ಮೇಲ್ತುದಿಗೆ ಆತುಕೊಂಡಿರುವ ಮಿಥುನಶಿಲ್ಪಗಳನ್ನು ಕೆಳಗಿನಿಂದ ಜೂಮ್ ಮಾಡಿ ಹಿಡಿಯಲು ಹೊರಟವರಿಗೆ ಇದು ಪ್ರತ್ಯಕ್ಷವಾಗಿ ತಿಳಿಯುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಹೂಡುವಂತಿಲ್ಲ, ಹಾಗಾಗಿ ಕೈಯನ್ನೇ ನಂಬಬೇಕು. ನಾನು ಆಟೋ ಐಎಸ್‌ಒದ ಗರಿಷ್ಠ ಮಿತಿಯನ್ನು 3200ಕ್ಕೆ ಕಟ್ಟಿ, ಅದರ ಕನಿಷ್ಠ ಶಟರ್ ವೇಗವನ್ನು ‘ಫಾಸ್ಟ್’ ಎಂಬಲ್ಲಿಗೆ ಸರಿಸಿ ಇಟ್ಟುಕೊಂಡಿದ್ದೆ. ಇದರಿಂದ ಜೂಮಿಗೆ ತಕ್ಕಂತೆ ಶಟರ್ ವೇಗವನ್ನು ಹೆಚ್ಚಿಸುವ ಹೊಣೆಯನ್ನು ಕ್ಯಾಮೆರಾವೇ ಹೊರುತ್ತದೆ. ಮನುಷ್ಯರನ್ನು ಬಿಟ್ಟು ಬರೀ ಕಲ್ಲನ್ನು ತೆಗೆಯುವಾಗ ಇದನ್ನು ‘ಸ್ಲೋ’ ಕಡೆಗೆ ತಿರುಗಿಸಿ, ಕಟ್ಟೆಗೋ ಗೋಡೆಗೋ ಮೊಣಕೈ ಊರಿ, ಉಸಿರು ಬಿಗಿಹಿಡಿದು ತೆಗೆದರೆ ಕಡಿಮೆ ಐಎಸ್‌ಒದಲ್ಲೇ ಮರಳುಗಲ್ಲಿನ ಪದರಗಳ ಕೆಂಪು, ಹಳದಿ ಗೆರೆಗಳು ಕಾಳುಕಾಳಾಗದೆ ಬರುತ್ತವೆ.

ಹೊರಗಿನ ಬಿಸಿಲು, ಒಳಗಿನ ಕತ್ತಲು ಒಂದೇ ಚೌಕಟ್ಟಿನಲ್ಲಿ ಬಂದಾಗ ಕ್ಯಾಮೆರಾ ತನ್ನಷ್ಟಕ್ಕೆ ತಾನು ಮಾಡುವ ತೀರ್ಮಾನ ಸಾಮಾನ್ಯವಾಗಿ ಕತ್ತಲಿನ ಪರವಾಗಿರುತ್ತದೆ, ಆಕಾಶ ಬಿಳುಚಿಹೋಗುತ್ತದೆ. ಹಿಂಬದಿಯ ಚಕ್ರದ ಕೆಳಭಾಗವನ್ನು ಒತ್ತಿ ಎಕ್ಸ್‌ಪೋಷರನ್ನು (ಚಿತ್ರದ ಬೆಳಕಿನ ಮಟ್ಟವನ್ನು) 0.7ರಷ್ಟು ತಗ್ಗಿಸಿ, ಸಾಮಾನ್ಯ ಜೆಪೆಗ್ ಚಿತ್ರದ ಜೊತೆಗೆ ಸೆನ್ಸರಿನ ಮೂಲ ಮಾಹಿತಿಯೆಲ್ಲ ಇರುವ ರಾ ಕಡತವನ್ನೂ ಉಳಿಸಿಕೊಂಡರೆ ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ರಾ ಕಡತಗಳು ಜಾಗ ನುಂಗುತ್ತವೆ, ಆದ್ದರಿಂದ ಕಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ. 64 ಜಿಬಿಯದ್ದನ್ನು ಹಾಕಿ, ಕ್ಯಾಮೆರಾದಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳುವುದು ಉತ್ತಮ. ಕಣ್ಣನ್ನು ಗುರುತಿಸಿ ಬೆನ್ನಟ್ಟುವ ಫೋಕಸ್ ಮಾತ್ರ ಯಾವ ತಯಾರಿಯನ್ನೂ ಬೇಡುವುದಿಲ್ಲ. ಸೆಕೆಂಡಿಗೆ 20 ಚಿತ್ರಗಳ ವೇಗವನ್ನು ಮಕ್ಕಳು ಓಡುವಾಗ ಒಮ್ಮೆ ಪ್ರಯೋಗಿಸಿ ನೋಡಿದರೆ ಸಾಕು, ಆ ರಾತ್ರಿ ಚಿತ್ರಗಳನ್ನು ಅಳಿಸುವುದೇ ಒಂದು ಉದ್ಯೋಗವಾಗುತ್ತದೆ.

ಕೈಗೆ ಹಿಡಿದಾಗ ನನಗೆ ಹಿತವೆನಿಸದ ಒಂದು ಸಂಗತಿಯೆಂದರೆ ಮುಂಭಾಗದ ನುಣುಪು. ಬೆರಳು ಆನಿಸಿಕೊಳ್ಳಲು ಉಬ್ಬೇ ಇಲ್ಲ. ಎಜಿ-ಆರ್2 ಎಂಬ ಅಂಟಿಸುವ ಹಿಡಿಕೆಯನ್ನು ಸೋನಿ ಪ್ರತ್ಯೇಕವಾಗಿ ಮಾರುತ್ತದೆ; ಈ ಬೆಲೆಯ ಕ್ಯಾಮೆರಾಕ್ಕೆ ಅದನ್ನು ಪೆಟ್ಟಿಗೆಯಲ್ಲೇ ಕೊಡಬಹುದಿತ್ತು. ಕೊಟ್ಟಿರುವ ಮುಂಗೈ ಪಟ್ಟಿಯನ್ನಾದರೂ ತಪ್ಪದೆ ಕಟ್ಟಿಕೊಳ್ಳಬೇಕು. ಬಾದಾಮಿಯ ಮೆಟ್ಟಿಲುಗಳ ಮೇಲೆ ಕೋತಿಗಳು ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನೂ ಬಾಟಲಿಯನ್ನೂ ಹೇಗೆ ಎಳೆದುಕೊಳ್ಳುತ್ತವೆಂದು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಡಿಯೋ ನನ್ನ ಆಸಕ್ತಿಯಲ್ಲ. 4ಕೆ ಸೌಲಭ್ಯವೂ ಮೈಕ್ ಕಿಂಡಿಯೂ ಇವೆ, ಬಿಸಿಲಿನ ಪ್ರಖರತೆಯನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗಿಲ್ಲ ಎಂಬುದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಮನೆಯೊಳಗಿನ ಸಮಾರಂಭ, ಸಂಜೆಯ ಪೇಟೆ, ದೀಪದ ಬೆಳಕು ಇವೇ ಮುಖ್ಯವೆನ್ನುವವರು ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 3ನ್ನು ನೋಡುವುದು ಒಳಿತು. ಅದರ ಲೆನ್ಸ್ 24ರಿಂದ 100 ಮಿಲಿಮೀಟರಿಗೇ ನಿಂತರೂ ಅಗಲದ ತುದಿಯಲ್ಲಿ ಎಫ್ 1.8 ಆಗಿರುವುದರಿಂದ ಇದರ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ, ಎನ್‌ಡಿ ಫಿಲ್ಟರ್ ಕೂಡ ಅದರೊಳಗೇ ಇದೆ. ಆದರೆ ಅದರಲ್ಲಿ ವ್ಯೂಫೈಂಡರ್ ಇಲ್ಲ. ಪಟ್ಟದಕಲ್ಲಿನ ಬಯಲಿನಲ್ಲಿ, ನಡುಹಗಲ ಬಿಸಿಲಿನಲ್ಲಿ, ಪರದೆಗೆ ಅಂಗೈ ಮರೆಮಾಡಿ ಇಣುಕುತ್ತ ಚಿತ್ರ ತೆಗೆಯಬೇಕಾಗುತ್ತದೆ.