ಗುಡ್ಡೆ ಲೆಕ್ಕ ಬಾರದ ತಂತ್ರಾಂಶ: ನಮ್ಮ ಮಟನ್ ಸ್ಟಾಲಿನಲ್ಲಿ ಎರಡು ವರ್ಷ

ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮದೊಂದು ಮಟನ್ ಸ್ಟಾಲ್. ಗಿರಾಕಿ ಕೇಳಿದ ಹಾಗೆ ಕತ್ತರಿಸಿ ಕೊಡುವುದು, ನಾಲ್ಕೈದು ಮನೆಯವರು ಸೇರಿ ಇಡೀ ಮರಿ ಹಿಡಿದರೆ ಸಮಪಾಲಿನ ಗುಡ್ಡೆ ಹಾಕಿ ಕೊಡುವುದು ನಮ್ಮ ಕಸುಬು. ಬಿಲ್ಲು, ದಾಸ್ತಾನಿನ ಲೆಕ್ಕಕ್ಕೆಂದು ಎರಡು ವರ್ಷದಿಂದ ಒಂದು ತಂತ್ರಾಂಶ ಇಟ್ಟುಕೊಂಡಿದ್ದೇನೆ, ಅದಕ್ಕೆ ವರ್ಷಕ್ಕೆ 9,000 ರೂಪಾಯಿ ಕಟ್ಟುತ್ತೇನೆ. ನನ್ನಂಥವನಿಗೆ ಅದು ಸಣ್ಣ ಮೊತ್ತವಲ್ಲ.

ಅಳವಡಿಸಲು ಬಂದ ಹುಡುಗ ‘ಅರ್ಧ ಗಂಟೆ ಸಾಕು ಸಾರ್’ ಎಂದ. ಹನ್ನೊಂದು ದಿನ ಹಿಡಿಯಿತು. ಇದು ದಿನಸಿ ಅಂಗಡಿಗೆಂದು ಹುಟ್ಟಿದ್ದು. ಹತ್ತು ಸೋಪು ಬಂದರೆ ಹತ್ತು ಸೋಪು ಹೋಗಬೇಕು. ನಮ್ಮಲ್ಲಿ ಬರುವುದು ಒಂದು ಕುರಿ, ಹೋಗುವುದು ತಲೆ, ಕಾಲು, ಬೋಟಿ, ಲಿವರ್, ಚಾಪ್ಸ್, ತೊಡೆ, ಕೈಮಾ. 24 ಕೆಜಿ ತೂಗುವ ಕುರಿಯಲ್ಲಿ ಚರ್ಮ, ರಕ್ತ, ಹೊಟ್ಟೆಯೊಳಗಿನದು ಕಳೆದು ಮಾಂಸ ಉಳಿಯುವುದು 11–12 ಕೆಜಿ. ಮಿಕ್ಕದ್ದನ್ನು ತಂತ್ರಾಂಶ ದಿನವೂ ‘ಕೊರತೆ’ ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ನನ್ನ ಹೆಂಡತಿ ಒಂದು ವಾರ ಕೆಲಸದ ಹುಡುಗನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದಳು, ಪಾಪ. ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲ, ಆದರೂ ಮೊದಲ ಬಿಲ್ಲುಗಳಲ್ಲಿ ಶೇ 5 ಬಿದ್ದಿತ್ತು. ಜಿಎಸ್‌ಟಿಯಲ್ಲಿ ಕುರಿ, ಮೇಕೆ ಮಾಂಸದ ಸಂಕೇತವಾದ 0204 ಕೊಟ್ಟು ತೆರಿಗೆ ಶೂನ್ಯ ಮಾಡಿಕೊಳ್ಳಿ.

ಇವೆಲ್ಲ ಸರಿಹೋದವು. ಸರಿಹೋಗದೆ ಉಳಿದದ್ದು ಗುಡ್ಡೆ. ಸಹಾಯವಾಣಿಗೆ ಕೇಳಿದರೆ ‘ಕಾಂಬೋ ಎಂದು ಹಾಕಿಕೊಳ್ಳಿ’ ಎಂದರು. ಕಾಂಬೋ ಎಂದರೆ ಇಂತಿಷ್ಟು ಗ್ರಾಂ ಎಂದು ಮೊದಲೇ ಬರೆದಿಡಬೇಕು. ಗುಡ್ಡೆ ಹಾಗಲ್ಲ. ಹಾಳೆ ಹಾಸಿ, ಐದು ರಾಶಿ ಮಾಡಿ, ಒಂದೊಂದರ ಮೇಲೂ ಲಿವರಿನ ಚೂರು, ಒಂದು ನಲ್ಲಿ ಮೂಳೆ, ಕೊಬ್ಬಿನ ತುಣುಕು ಇಡುತ್ತ ಹೋಗುತ್ತೇವೆ. ಯಾವ ರಾಶಿ ಸೊರಗಿದೆಯೆಂದು ಕಣ್ಣೇ ಹೇಳುತ್ತದೆ. 2025ರ ಮಾರ್ಚ್ 31ರಂದು ಯುಗಾದಿ ಮರುದಿನದ ಹೊಸತೊಡಕು, ರಂಜಾನ್ ಎರಡೂ ಒಂದೇ ದಿನ ಬಂದವು. ಬೆಳಗಿನ ಐದಕ್ಕೇ ಸಾಲು ರಸ್ತೆಯ ತಿರುವು ದಾಟಿತ್ತು. ಆರೂವರೆಗೆ ತಂತ್ರಾಂಶ ‘ತೊಡೆ ದಾಸ್ತಾನು ಇಲ್ಲ’ ಎಂದು ಬಿಲ್ಲನ್ನೇ ತಡೆಹಿಡಿಯಿತು. ತೊಡೆಗಳು ನನ್ನ ತಲೆಯ ಮೇಲೆಯೇ ಕೊಕ್ಕೆಯಲ್ಲಿ ತೂಗುತ್ತಿದ್ದವು! ಅವತ್ತು ಮಧ್ಯಾಹ್ನದವರೆಗೂ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದೆವು.

ಅದೇ ವಾರ ಬಿಟ್ಟುಬಿಡುತ್ತಿದ್ದೆ. ಉಳಿಸಿಕೊಂಡದ್ದು ಒಂದು ಸಣ್ಣ ಖಾನೆಯಿಂದಾಗಿ: ಗಿರಾಕಿಯ ಹೆಸರಿನ ಕೆಳಗಿನ ‘ಟಿಪ್ಪಣಿ’. ಅದರಲ್ಲಿ ಕನ್ನಡದಲ್ಲಿ ಬರೆದದ್ದು ಚೀಟಿಯಲ್ಲೂ ಕನ್ನಡದಲ್ಲೇ ಬರುತ್ತದೆ. ‘ಮೇಷ್ಟ್ರು: ಸಣ್ಣ ತುಂಡು, ಕೊಬ್ಬು ಬೇಡ.’ ‘ಮೂಲೆಮನೆ ಅಜ್ಜಿ: ಕಾಲು ಚೆನ್ನಾಗಿ ಸುಡಬೇಕು, ನಲ್ಲಿ ಮೂಳೆ ಒಡೆಯಬಾರದು.’ ಭಾನುವಾರ ಬೆಳಿಗ್ಗೆ ತಕ್ಕಡಿ ಒರೆಸಿ, ಖಾಲಿ ತಟ್ಟೆ ಇಟ್ಟು ಸೊನ್ನೆಗೆ ತಂದು, ಹೆಂಡತಿ ಫೋನಿನಲ್ಲಿ ಬಂದ ಆರ್ಡರುಗಳ ಚೀಟಿಗಳನ್ನು ಒಂದೊಂದಾಗಿ ಮುದ್ರಿಸಿ ಮೊಳೆಗೆ ಚುಚ್ಚುತ್ತಾಳೆ. ನಾನು ಕತ್ತಿ ಮಸೆಯುತ್ತ ಮೇಲಿನದನ್ನು ಓದಿಕೊಳ್ಳುತ್ತೇನೆ. ಮೊದಲು ಇದೆಲ್ಲ ನನ್ನ ತಲೆಯಲ್ಲಿತ್ತು. ನಾನು ಊರಿಗೆ ಹೋದ ದಿನ ಅಜ್ಜಿಯ ಮೂಳೆ ಒಡೆದೇ ಹೋಗುತ್ತಿತ್ತು.

ಗುಡ್ಡೆಗೆ ಈಗ ನಮ್ಮದೇ ಉಪಾಯವಿದೆ: ಪ್ರತಿ ಮರಿಗೊಂದು ಬ್ಯಾಚ್ ಸಂಖ್ಯೆ, ಗುಡ್ಡೆಗೆ ತೂಕವಿಲ್ಲ, ಎಣಿಕೆ ಮಾತ್ರ. ದಾಸ್ತಾನು ಮುಗಿದರೆ ಬಿಲ್ ತಡೆಯುವ ಆಯ್ಕೆಯನ್ನು ಮೊದಲೇ ಆಫ್ ಮಾಡಿಬಿಡಿ. ಪರದೆಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿ, ಕೊಬ್ಬು ಮೆತ್ತಿದ ಕೈಯನ್ನು ಬರಿ ಪರದೆ ಗುರುತಿಸುವುದಿಲ್ಲ. ಈ ವರ್ಷದ ಚಂದಾ ಕಟ್ಟಿದ್ದೇನೆ. ಹೊಸತೊಡಕಿನ ಮುಂಗಡಕ್ಕೆ ಒಂದು ನೋಟ್ ಪುಸ್ತಕವನ್ನೂ ತಂದಿಟ್ಟಿದ್ದೇನೆ.