ಹಳೇ ಕ್ಯಾರವಾನ್‌ಗೆ ವಿಮೆ: ನಾಲ್ಕು ಪಾಲಿಸಿ ಮಾಡಿಸಿ ನೋಡಿದ ಮೇಲೆ

ನಮ್ಮ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಗಾಡಿ, 1967ರ ಎರಿಬಾ ಬ್ರ್ಯಾಂಡಿನ ಪಕ್ ಮಾದರಿಯದು. ಕೊಂಡು ಒಂಬತ್ತು ವರ್ಷವಾಯಿತು. ಇಷ್ಟರಲ್ಲಿ ಅದಕ್ಕೆ ನಾಲ್ಕು ಪಾಲಿಸಿ ಮಾಡಿಸಿದ್ದೇನೆ. ಒಂದು ಕಾರಿನ ವಿಮೆಗೇ ಅಂಟಿಸಿದ್ದು, ಇನ್ನೊಂದು ಹೊಸದು ಹಳೆಯದು ಅನ್ನದೆ ಎಲ್ಲ ಕ್ಯಾರವಾನ್‌ಗಳಿಗೂ ಕೊಡುವಂಥದ್ದು, ಉಳಿದೆರಡು ಹಳೇ ವಾಹನಗಳಿಗೆಂದೇ ಇರುವಂಥವು. ನಡುವೆ ಏಳು ತಿಂಗಳು ಯಾವ ವಿಮೆಯೂ ಇಲ್ಲದೆ ಇದ್ದದ್ದೂ ಉಂಟು. ನಾಲ್ಕರಲ್ಲಿ ಮೂರು ಪಾಲಿಸಿಗಳ ಮೇಲೆ ಕ್ಲೇಮು ಹಾಕುವ ಸಂದರ್ಭ ಬಂತು. ವಿಮೆಯ ಗುಣ ಗೊತ್ತಾಗುವುದು ಕ್ಲೇಮಿನಲ್ಲೇ ಆದ್ದರಿಂದ ಬರೆಯುವುದಕ್ಕೆ ನನ್ನ ಹತ್ತಿರ ಒಂದಿಷ್ಟು ವಿಷಯವಿದೆ.

ಎರಿಬಾ ಅನ್ನುವ ಹೆಸರು ಬಂದದ್ದು ಅದನ್ನು ವಿನ್ಯಾಸ ಮಾಡಿದ ಎರಿಷ್ ಬಾಖೆಮ್ ಅವರ ಹೆಸರಿನ ಮೊದಲ ಅಕ್ಷರಗಳಿಂದ. ಅವರು ವಿಮಾನದ ಎಂಜಿನಿಯರ್. ಈ ಕ್ಯಾರವಾನ್ ಕಟ್ಟಿರುವ ರೀತಿಯಲ್ಲೂ ಅದು ಕಾಣುತ್ತದೆ: ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ನಿಲ್ಲಿಸಿದಾಗ ಮೇಲೆತ್ತಿಕೊಳ್ಳುವ ಚಾವಣಿ. ಇದನ್ನೆಲ್ಲ ಹೇಳುತ್ತಿರುವುದು ಅಭಿಮಾನಕ್ಕಷ್ಟೇ ಅಲ್ಲ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ ಕಡೆ ತೇವ ಸೇರಿದರೆ ಅಲ್ಯೂಮಿನಿಯಂ ನಿಧಾನವಾಗಿ ತಿನ್ನಿಸಿಕೊಂಡು ಬಿಳಿ ಪುಡಿಯಾಗುತ್ತದೆ. ಆ ಬಿಳಿ ಪುಡಿಯೇ ಮುಂದೆ ನನ್ನ ಕ್ಲೇಮಿಗೆ ಮುಳುವಾಯಿತು.

ಮೊದಲ ಎರಡು ವರ್ಷ ಕಾರಿನ ಪಾಲಿಸಿಯ ಮೇಲೆಯೇ ಕಳೆದೆ. ಕ್ಯಾರವಾನ್ ಮಾರಿದವರು, "ಕಾರಿಗೆ ಕೊಕ್ಕೆ ಹಾಕಿದ ಮೇಲೆ ಅದೂ ಕಾರಿನ ವಿಮೆಯೊಳಗೇ ಬರುತ್ತೆ, ಬೇರೆ ಯಾಕೆ ಮಾಡಿಸ್ತೀರಿ?" ಅಂದಿದ್ದರು. ನಾನೂ ಒಂದಿಷ್ಟು ಹೆಚ್ಚು ಕಟ್ಟಿ ಅದರ ಹೆಸರು ಸೇರಿಸಿ ಸುಮ್ಮನಾದೆ. ಎರಡನೇ ವರ್ಷದ ನವೀಕರಣದ ಹೊತ್ತಿಗೆ ಯಾಕೋ ಅನುಮಾನ ಬಂದು, ಯಾವುದಕ್ಕೆ ರಕ್ಷಣೆ ಇದೆ, ಯಾವುದಕ್ಕಿಲ್ಲ ಎಂದು ಬರೆದು ಕೇಳಿದೆ. ಎಳೆದುಕೊಂಡು ಹೋಗುವಾಗ ಕ್ಯಾರವಾನ್ ಬೇರೆಯವರಿಗೆ ತಗುಲಿದರೆ ಅವರ ನಷ್ಟ ತುಂಬುತ್ತೇವೆ, ಕ್ಯಾರವಾನ್‌ಗೇ ಆದ ಹಾನಿ ನಮ್ಮದಲ್ಲ, ಕೊಕ್ಕೆ ಬಿಚ್ಚಿದ ಮೇಲೆ ಏನಾದರೂ ಸಂಬಂಧವಿಲ್ಲ ಎಂದು ಉತ್ತರ ಬಂತು. ವರ್ಷದ ಮುನ್ನೂರು ದಿನ ಕೊಕ್ಕೆ ಬಿಚ್ಚಿಯೇ ನಿಂತಿರುವ ಗಾಡಿಗೆ ಇದರಿಂದ ಏನು ಉಪಯೋಗ? ಎಷ್ಟೋ ಜನ ಇವತ್ತಿಗೂ ಇದನ್ನೇ ಪೂರ್ತಿ ವಿಮೆ ಎಂದು ನಂಬಿಕೊಂಡಿದ್ದಾರೆ. ದಯವಿಟ್ಟು ನಿಮ್ಮ ಪಾಲಿಸಿ ತೆಗೆದು ಒಮ್ಮೆ ಓದಿ. ಇದರ ಬಗ್ಗೆ ಇಷ್ಟು ಸಾಕು.

ಆಮೇಲೆ ಹಿಡಿದದ್ದು ಸಾಮಾನ್ಯ ಕ್ಯಾರವಾನ್ ಪಾಲಿಸಿ. ಕಳವು, ಬೆಂಕಿ, ಗಾಳಿಮಳೆ, ಒಳಗಿನ ಸಾಮಾನು ಎಲ್ಲಕ್ಕೂ ರಕ್ಷಣೆ, ಪ್ರೀಮಿಯಂ ಕೂಡ ಹಗುರ. ಬೆಲೆಯ ಅಂಕಣದಲ್ಲಿ "ನಷ್ಟವಾದ ದಿನದ ಮಾರುಕಟ್ಟೆ ಮೌಲ್ಯ" ಎಂದಿತ್ತು. ನ್ಯಾಯವಾಗಿಯೇ ಇದೆ ಅಂದುಕೊಂಡು ಸಹಿ ಹಾಕಿದೆ.

ಎರಡನೇ ವರ್ಷ ಒಂದು ರಾತ್ರಿ ಬಿರುಗಾಳಿಗೆ ಮುಂಗೈ ದಪ್ಪದ ಕೊಂಬೆ ಮುರಿದು ಚಾವಣಿಯ ಹಿಂದಿನ ಬಲಮೂಲೆಯ ಮೇಲೆ ಬಿತ್ತು. ಅಂಗೈಯಗಲ ತಗ್ಗು, ಅದರ ಅಂಚಿನಲ್ಲಿ ನಾಲ್ಕು ಬೆರಳು ಉದ್ದ ತಗಡು ಸೀಳಿತ್ತು. ಬೆಳಿಗ್ಗೆಯೇ ಫೋಟೊ ತೆಗೆದು, ಟಾರ್ಪಾಲು ಕಟ್ಟಿ, ಫೋನ್ ಮಾಡಿದೆ. ಹಾನಿ ಅಂದಾಜು ಮಾಡುವ ವಿಮೆಯವರ ಸರ್ವೇಯರ್ ಬಂದದ್ದು ಎಂಟನೇ ದಿನ. ಮೆತ್ತಗಿನ ಮಾತಿನ ಮನುಷ್ಯ. ಕೊಂಬೆ ಬಿದ್ದ ಜಾಗವನ್ನು ಒಂದು ನಿಮಿಷ ನೋಡಿ ಒಳಗೆ ಹೋದರು. ಜೇಬಿನಿಂದ ತೇವ ಅಳೆಯುವ ಮೀಟರ್ ತೆಗೆದು, ಅದರ ಎರಡು ಸೂಜಿಗಳನ್ನು ಹಿಂದಿನ ಕಿಟಕಿಯ ಕೆಳಗಿನ ಪ್ಲೈವುಡ್‌ಗೆ ಒತ್ತಿದರು. ನೂರಕ್ಕೆ 27 ತೋರಿಸಿತು. ಎದುರು ಮೂಲೆಯಲ್ಲಿ 13. ಮತ್ತೆ ಇತ್ತ ಬಂದು ಒತ್ತಿದರು, ಮತ್ತೆ 27. ಹೊರಗೆ ಬಂದು ಒಂದು ರಿವೆಟ್ಟಿನ ಸುತ್ತ ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿ ಅವರ ಬೆರಳಿಗೆ ಮೆತ್ತಿಕೊಂಡಿತು. "ಇದು ಮೊನ್ನೆ ಮಳೆಯ ನೀರಲ್ಲ ಸರ್, ವರ್ಷಗಟ್ಟಲೆಯಿಂದ ಇರೋದು" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆ ಪುಡಿ ಎಂಟು ದಿನದಲ್ಲಿ ಆಗುವಂಥದ್ದಲ್ಲ. ಆದರೆ ತಗಡು ಸೀಳಿದ್ದು ಕೊಂಬೆಯಿಂದ ಅನ್ನುವುದೂ ಅಷ್ಟೇ ನಿಜ. ಕಂಪನಿಯ ಪತ್ರದಲ್ಲಿ ಎರಡನೇ ನಿಜಕ್ಕೆ ಜಾಗವಿರಲಿಲ್ಲ. ತೇವ, ತುಕ್ಕು, ಸವೆತದಂಥ ನಿಧಾನವಾಗಿ ಆಗುವ ಹಾನಿಗೆ ರಕ್ಷಣೆ ಇಲ್ಲ ಎಂದು ಒಳಗಿನ ಕೆಲಸದ ಖರ್ಚನ್ನು ಹೊಡೆದುಹಾಕಿದರು. ಹೊರಗಿನ ಕೆಲಸವೊಂದೇ ಗಾಡಿಯ ಮಾರುಕಟ್ಟೆ ಮೌಲ್ಯದ ಹತ್ತಿರ ಬರುತ್ತದೆ, ಆದ್ದರಿಂದ ಇದು ಟೋಟಲ್ ಲಾಸ್, ಅಂದರೆ ದುರಸ್ತಿ ಮಾಡಿಸದೆ ಪೂರ್ತಿ ಹೋಯಿತೆಂದೇ ಲೆಕ್ಕ ಎಂದರು. ಆ ಮೌಲ್ಯವನ್ನು ಕಟ್ಟಿದ್ದು ಮೂರು ಮಾರಾಟದ ಜಾಹೀರಾತು ನೋಡಿ. ಮೂರೂ ವರ್ಷಗಟ್ಟಲೆ ಬಯಲಲ್ಲಿ ಬಿಟ್ಟಿದ್ದ ಗಾಡಿಗಳು. ಕೊನೆಗೆ, ಹಣ ಬೇಕಿದ್ದರೆ ಕ್ಯಾರವಾನ್ ನಮಗೆ ಒಪ್ಪಿಸಿ ಎಂದರು. ಓದಿ ನನ್ನವಳು ಕಣ್ಣೊರೆಸಿಕೊಂಡಳು. ಅದರ ಪರದೆಗಳನ್ನು ಹೊಲಿದವಳು ಅವಳು. ಮೂರು ತಿಂಗಳು ಪತ್ರ ಬರೆದು ಬರೆದು, ಗುಜರಿ ಬೆಲೆ ಕಳೆದು ಉಳಿದದ್ದನ್ನು ಕೊಟ್ಟು ಗಾಡಿ ನಮಗೇ ಬಿಡಲು ಒಪ್ಪಿದರು. ಬಂದ ಹಣ ದುರಸ್ತಿಯ ಅರ್ಧಕ್ಕೂ ಆಗಲಿಲ್ಲ.

ಆಗ ಕೂತು ಹಾಕಿದ ಲೆಕ್ಕ ನನ್ನ ಕಣ್ಣು ತೆರೆಸಿತು. ಇದೇ ಸ್ಥಿತಿಯ ಇನ್ನೊಂದು ಗಾಡಿ ಹುಡುಕಿ ತರಲು 100 ಬೇಕು ಅಂತಿಟ್ಟುಕೊಳ್ಳಿ. ಕಂಪನಿ ಕಟ್ಟಿದ ಬೆಲೆ 35, ದುರಸ್ತಿ ಖರ್ಚು 28. ದುರಸ್ತಿ ಖರ್ಚು ಗಾಡಿಯ ಬೆಲೆಯ ಇಂತಿಷ್ಟು ಪಾಲನ್ನು ದಾಟಿದರೆ ವಿಮೆಯವರು ಅದನ್ನು ಟೋಟಲ್ ಲಾಸ್ ಅನ್ನುತ್ತಾರೆ. 35ರಲ್ಲಿ 28 ಅಂದರೆ ನೂರಕ್ಕೆ ಎಂಬತ್ತು, ಗಾಡಿ ಗುಜರಿಗೆ. 100ರಲ್ಲಿ 28 ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು, ಗಾಡಿ ದುರಸ್ತಿಗೆ. ಅದೇ ಕೊಂಬೆ, ಅದೇ ತಗ್ಗು. ಬೆಲೆ ಕಡಿಮೆ ಬರೆದರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಗಟ್ಟಿಮುಟ್ಟಾದ ಗಾಡಿಯೇ ಕೈಬಿಟ್ಟು ಹೋಗಬಹುದು ಅನ್ನುವುದು ಗೊತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ಏಳು ತಿಂಗಳು ವಿಮೆಯನ್ನೇ ಬಿಟ್ಟೆ. ಪ್ರೀಮಿಯಂ ಹಣವನ್ನು ಬೇರೆ ಖಾತೆಗೆ ಹಾಕುತ್ತ ಬಂದೆ. ಕಿಟಕಿಯ ರಬ್ಬರು, ದೀಪದ ಗಾಜಿನಂಥ ಸಣ್ಣ ಖರ್ಚಿಗೆ ಈ ದಾರಿ ನಿಜಕ್ಕೂ ಒಳ್ಳೆಯದು. ಆದರೆ ಒಳಗಿನ ಗ್ಯಾಸ್ ಒಲೆಯಿಂದ ಪಕ್ಕದವರ ಗಾಡಿಗೆ ಬೆಂಕಿ ಹತ್ತಿಕೊಂಡರೆ? ಆ ಹೊಣೆಗೆ ಯಾರ ಉಳಿತಾಯವೂ ಸಾಲುವುದಿಲ್ಲ. ರಾತ್ರಿ ಗಾಳಿ ಬೀಸಿದರೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಈ ದಾರಿಯನ್ನೂ ಬಿಟ್ಟೆ.

ಉಳಿದದ್ದು ಹಳೇ ವಾಹನಗಳ ಪಾಲಿಸಿ. ಇದರ ಜೀವಾಳ ಒಪ್ಪಿತ ಮೌಲ್ಯ: ಗಾಡಿ ಪೂರ್ತಿ ಹೋದರೆ ಇಷ್ಟು ಕೊಡುತ್ತೇವೆ ಎಂದು ಮೊದಲೇ ಬರೆದುಕೊಡುತ್ತಾರೆ. ನಷ್ಟವಾದ ಮೇಲೆ ಚೌಕಾಸಿ ಇಲ್ಲ. ಇಂಥ ಎರಡು ಕಂಪನಿಗಳಲ್ಲಿ ಒಂದರ ಹಿಂದೆ ಒಂದರಂತೆ ವಿಮೆ ಮಾಡಿಸಿದೆ. ಮೇಲ್ನೋಟಕ್ಕೆ ಎರಡೂ ಒಂದೇ, ಒಳಗೆ ಬಹಳ ಬೇರೆ.

ಮೊದಲನೆಯವರು ಕೇಳಿದ್ದು ಫೋಟೊ ಮಾತ್ರ. ಹೊರಗಿನ ನಾಲ್ಕು ಬದಿ, ಒಳಭಾಗ, ಅಡಿಯ ಚೌಕಟ್ಟು, ಚಾಸಿ ನಂಬರಿನ ಫಲಕ. ಎರಡೇ ದಿನದಲ್ಲಿ ನಾನು ಹೇಳಿದ ಬೆಲೆಗೆ ಒಪ್ಪಿದರು. ಎಷ್ಟು ಖುಷಿಯಾಯಿತು ಅಂದರೆ ಉಳಿದ ಪುಟಗಳನ್ನು ಓದಲೇ ಇಲ್ಲ. ಎರಡನೇ ವರ್ಷ ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಮುಂದಿನ ಎಡಗಡೆಯ ಬಾಗಿದ ಅಕ್ರಿಲಿಕ್ ಕಿಟಕಿ ಒಡೆಯಿತು. ಆ ಕಿಟಕಿ ಈಗ ಸಿಗುವುದಿಲ್ಲ. ಅಕ್ರಿಲಿಕ್ ಹಾಳೆಯನ್ನು ಬಿಸಿಮಾಡಿ ಅಚ್ಚಿನ ಮೇಲೆ ಬಗ್ಗಿಸಿ ಹೊಸದಾಗಿ ಮಾಡಿಸಬೇಕು, ಮೊದಲು ಆ ಅಚ್ಚನ್ನೇ ಮಾಡಿಸಬೇಕು. ಕಂಪನಿ ಬೇರೊಂದು ಮಾದರಿಯ ಕಿಟಕಿ ಹುಡುಕಿ "ಹೆಚ್ಚುಕಡಿಮೆ ಹೊಂದುತ್ತದೆ" ಎಂದಿತು. ಹಿಡಿದು ನೋಡಿದರೆ ಮೇಲಿನ ಅಂಚಿನಲ್ಲಿ ಒಂದು ಬೆರಳು ಹೋಗುವಷ್ಟು ಸಂದು. ಆ ಸಂದಿಗೆ ಸೀಲೆಂಟ್ ತುಂಬಿಸಿ, ಉಳಿದದ್ದು ಅಂದಚಂದದ ಪ್ರಶ್ನೆ, ಅದಕ್ಕೆ ವಿಮೆ ಇಲ್ಲ ಎಂದರು. ಅಚ್ಚಿನ ಖರ್ಚು ನನ್ನ ಕೈಯಿಂದಲೇ ಹೋಯಿತು.

ಒಪ್ಪಿತ ಮೌಲ್ಯ ನೇರವಾಗಿ ಕೈಗೆ ಬರುವುದು ಗಾಡಿ ಪೂರ್ತಿ ಹೋದಾಗ. ಗುಜರಿಯ ಗೆರೆಯನ್ನು ದೂರ ತಳ್ಳುತ್ತದೆ ನಿಜ, ಆದರೆ ದುರಸ್ತಿ ಹೇಗೆ ಆಗಬೇಕು ಅನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಷರತ್ತು ಬೇಕು. ಹಳೇ ಗಾಡಿಗಳಿಗೆ ಹೆಚ್ಚಾಗಿ ಆಗುವುದು ಕಿಟಕಿ, ಮೂಲೆ, ಬಾಗಿಲು, ದೀಪಗಳ ಇಂಥ ಸಣ್ಣ ಹಾನಿಗಳೇ.

ಎರಡನೆಯವರು ಕಾಟ ಕೊಟ್ಟೇ ಒಳಗೆ ಬಿಟ್ಟರು. ಹಳೇ ಕ್ಯಾರವಾನ್ ಬಲ್ಲ ತಜ್ಞರಿಂದ ಮೌಲ್ಯಮಾಪನ ಪತ್ರ ಬೇಕು, ಮೂರು ವರ್ಷಕ್ಕೊಮ್ಮೆ ಅದು ಹೊಸದಾಗಬೇಕು. ಎರಡು ವರ್ಷಕ್ಕೊಮ್ಮೆ ತೇವದ ವರದಿ. ಕೊಕ್ಕೆಗೂ ಚಕ್ರಕ್ಕೂ ಬೀಗ, ಅವುಗಳ ರಸೀದಿ. ಬೀಗ ಹಾಕುವ ಜಾಗದಲ್ಲೇ ನಿಲ್ಲಿಸಬೇಕು. ಪ್ರೀಮಿಯಂ ಮೊದಲನೆಯವರಿಗಿಂತ ಸುಮಾರು ಒಂದೂವರೆ ಪಟ್ಟು. ಇಷ್ಟಾದರೂ ಅವರನ್ನೇ ಹಿಡಿದದ್ದು ಪಾಲಿಸಿಯ ಒಳಪುಟದಲ್ಲಿದ್ದ ಎರಡು ಸಾಲುಗಳಿಗಾಗಿ. ಸಿಗದ ಬಿಡಿಭಾಗವನ್ನು ಮಾದರಿ ನೋಡಿ ಮಾಡಿಸುವ ಖರ್ಚನ್ನು ಕೊಡುತ್ತೇವೆ ಎಂದು ಒಂದು. ಟೋಟಲ್ ಲಾಸ್ ಆದರೂ ಮೊದಲೇ ಬರೆದ ಗುಜರಿ ಬೆಲೆಗೆ ಗಾಡಿಯನ್ನು ಇಟ್ಟುಕೊಳ್ಳುವ ಹಕ್ಕು ಮಾಲೀಕರದ್ದು ಎಂದು ಇನ್ನೊಂದು.

ಮೊದಲ ಸಾಲಿನ ಪರೀಕ್ಷೆಯೂ ಆಯಿತು. ಕಳೆದ ವರ್ಷ ನಿಲ್ಲಿಸಿದ್ದ ಗಾಡಿಗೆ ಯಾರೋ ಕಾರು ಹಿಂದೆ ತೆಗೆಯುವಾಗ ತಾಗಿಸಿ ಬಾಗಿಲಿನ ಅಂಚು ಸುಕ್ಕಾಯಿತು, ಹಿಂದಿನ ದೀಪದ ಕೆಂಪು ಗಾಜು ಪುಡಿಯಾಯಿತು. ಬಂದ ಸರ್ವೇಯರ್ ತೇವದ ಮೀಟರನ್ನು ಇವರೂ ಹೊರತೆಗೆದರು. ಎರಡು ತಿಂಗಳ ಹಿಂದಿನ ವರದಿ ಮುಂದಿಟ್ಟೆ. ಎಲ್ಲ ಮೂಲೆಗಳಲ್ಲೂ 15ರೊಳಗೆ ಇತ್ತು. ಓದಿ ಮೀಟರನ್ನು ಹಾಗೇ ಚೀಲಕ್ಕೆ ಹಾಕಿದರು. ಇನ್ನೊಂದು ಬದಿಯ ದೀಪವನ್ನು ಮಾದರಿಯಾಗಿಟ್ಟು ಎರಕ ಹೊಯ್ಯಿಸಿದ ಖರ್ಚು ಪೂರ್ತಿ ಬಂತು. ಬಾಗಿಲಿನ ಕೆಲಸ ನಾನು ಹೇಳಿದ ತಗಡಿನ ಕೆಲಸಗಾರರ ಕೈಯಲ್ಲೇ ಆಯಿತು.

ಹಾಗಂತ ಮೊದಲನೆಯವರನ್ನು ತಳ್ಳಿಹಾಕುವುದಿಲ್ಲ. ನಿಮ್ಮ ಗಾಡಿಯ ಬಿಡಿಭಾಗಗಳು ಈಗಲೂ ಸಿಗುತ್ತವೆ, ಬೀಗ ಹಾಕುವ ಶೆಡ್ಡು ನಿಮಗಿಲ್ಲ, ಭಯವಿರುವುದು ಬೆಂಕಿ ಮತ್ತು ಕಳವಿನದ್ದು ಮಾತ್ರ ಎಂದಾದರೆ ಅವರೇ ಸಾಕು. ಷರತ್ತು ಪಾಲಿಸಲಾಗದ ದುಬಾರಿ ಪಾಲಿಸಿಗಿಂತ ಅದು ಎಷ್ಟೋ ಮೇಲು. ಚಕ್ರದ ಬೀಗ ಹಾಕಲು ಒಂದು ರಾತ್ರಿ ಮರೆತು ಅಂದೇ ಕಳವಾದರೆ ಎರಡನೆಯವರಿಂದ ನಯಾಪೈಸೆ ಬರುವುದಿಲ್ಲ.

ಬೆಲೆ ಬರೆಸುವಾಗ ಒಂದು ಎಚ್ಚರ. ಪ್ರೀಮಿಯಂ ಉಳಿಸಲು ಬೆಲೆ ಇಳಿಸಿ ಬರೆಸಬೇಡಿ. ಎಷ್ಟೋ ಪಾಲಿಸಿಗಳಲ್ಲಿ, ಅದರಲ್ಲೂ ಬೆಲೆಯನ್ನು ನಾವೇ ಘೋಷಿಸುವ ಪಾಲಿಸಿಗಳಲ್ಲಿ, ಅನುಪಾತದ ಷರತ್ತು ಇರುತ್ತದೆ: 100 ಬೆಲೆಯ ಗಾಡಿಗೆ 60ಕ್ಕೆ ವಿಮೆ ಮಾಡಿಸಿ, 40ರಷ್ಟು ಹಾನಿಯಾದರೆ, ನಿಮಗೆ ಸಿಗುವುದು 40 ಅಲ್ಲ, ಅದರ ನೂರಕ್ಕೆ ಅರವತ್ತು, ಅಂದರೆ 24.

ಕಂಪನಿ ಯಾವುದೇ ಇರಲಿ, ನನ್ನ ಕೈಹಿಡಿದದ್ದು ಒಂದು ಫೈಲು. ಅದರಲ್ಲಿ ತಾರೀಖು ಸಹಿತ ಫೋಟೊಗಳು, ತೇವದ ಅಳತೆಗಳು, ಕೆಲಸ ಮಾಡಿಸಿದ ರಸೀದಿಗಳು, ಗ್ಯಾಸ್ ಪೈಪು ಬದಲಿಸಿದ ದಿನ ಎಲ್ಲ ಇವೆ. ತೇವದ ಅಳತೆ 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲೇಬೇಕು. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ, 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರ ತಯಾರಾದದ್ದು. ನಿಂತೇ ಇರುವ ಗಾಡಿಯ ಟಯರು ಸವೆಯದೆಯೇ ಹಳತಾಗುತ್ತದೆ, ಅಪಘಾತವಾದರೆ ಆ ಅಂಕಿಯನ್ನು ನೋಡುತ್ತಾರೆ. ಅದರ ಫೋಟೊವೂ ಫೈಲಿನಲ್ಲಿರಲಿ.

ಬರುವ ತಿಂಗಳು ನಮ್ಮ ಪಾಲಿಸಿಯ ನವೀಕರಣ, ಈ ಸಲ ಮೌಲ್ಯಮಾಪನವೂ ಹೊಸದಾಗಬೇಕು. ಕೊಂಬೆ ಬಿದ್ದ ಮೂಲೆಯನ್ನು ಹೋದ ಬೇಸಿಗೆಯಲ್ಲಿ ಬಿಚ್ಚಿಸಿ, ಬಿಳಿ ಪುಡಿ ಹಿಡಿದಿದ್ದ ತಗಡನ್ನೆಲ್ಲ ತೆಗೆಸಿ ಹೊಸದು ಹಾಕಿಸಿದ್ದೇನೆ. ಹಳೇ ಪತ್ರದಲ್ಲಿರುವ ಬೆಲೆ ಆ ಕೆಲಸಕ್ಕೆ ಮೊದಲಿನದು. ತಜ್ಞರು ಶನಿವಾರ ಬರುತ್ತಾರೆ. ನನ್ನವಳು ಪರದೆಗಳನ್ನು ಒಗೆದು ಹಾಕಿದ್ದಾಳೆ.